ಬಂಗಲೆ, ಬೋನಸ್ಸು ಮತ್ತು ಸಾಹೇಬ್ರ ಟಿಡಿಎಸ್

ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಹಾಜರಿ, ಬಟವಾಡೆ ಜೊತೆಗೆ ಟಿಡಿಎಸ್ (ಸಂಬಳದಲ್ಲೇ ಆದಾಯ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟೋದು) ಕೂಡ ನನ್ನ ತಲೆಗೇ. ಕೂಲಿಯವರಿಗೆ ತೆರಿಗೆ ಬರುವಷ್ಟು ಸಂಬಳವಿಲ್ಲ. ತಲೆನೋವೆಲ್ಲ ಮ್ಯಾನೇಜರ್ ಸಾಹೇಬ್ರದ್ದು.

ಎರಡು ವರ್ಷದ ಹಿಂದೆ ಬಂಗಲೆ, ಬೋನಸ್ಸು, ಅರಿಯರ್ಸ್ (ಹಿಂದಿನ ಬಾಕಿ ಸಂಬಳ) ಮೂರನ್ನೂ ತೆರಿಗೆ ಲೆಕ್ಕಕ್ಕೆ ಸೇರಿಸೋದನ್ನು ಫೆಬ್ರವರಿವರೆಗೆ ಮರೆತಿದ್ದೆ. ಮಾರ್ಚ್‌ನಲ್ಲಿ ಒಂದೇ ಸಲ ಮೂವತ್ತು ಸಾವಿರದಷ್ಟು ಕತ್ತರಿಸಿದೆ. "ರೈಟ್ರೇ, ಈ ತಿಂಗಳು ಗಂಜಿ ಕುಡೀಬೇಕಾ ನಾನು?" ಅಂದರು.

2025-26ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಎಲ್ಲರಿಗೂ ಖುಷಿ. ಸಾಹೇಬ್ರಿಗೆ ತಿಂಗಳಿಗೆ ಸುಮಾರು 1,05,000. ವರ್ಷಕ್ಕೆ 12.60 ಲಕ್ಷ, ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11.85. ಸೊನ್ನೆ ಬರಬೇಕಲ್ವಾ? ಬರಲ್ಲ. ತೋಟದ ಬಂಗಲೆ ಪುಕ್ಕಟೆ ಕೊಟ್ಟಿದ್ದಕ್ಕೆ ನಮ್ಮಂಥ ಕಡೆ ಸಂಬಳದ ಶೇ 5 ಸೇರಿಸಬೇಕು, ಅಂದರೆ 63,000. ಆದಾಯ 12.48 ಲಕ್ಷ ಆಯಿತು.

ಮೊದಲು ಸುಮ್ನೆ ಸ್ಲ್ಯಾಬ್ (ಆದಾಯದ ಹಂತಕ್ಕೊಂದು ದರ) ಹಾಕಿದೆ. ತೆರಿಗೆಯ ಮೇಲಿನ ಸೆಸ್ ಸೇರಿ 69,888. ಮಿತಿಯನ್ನು ಸ್ವಲ್ಪವೇ ದಾಟಿದವರಿಗೆ ಕೊಡುವ ರಿಯಾಯಿತಿ, ಮಾರ್ಜಿನಲ್ ರಿಲೀಫ್, ಬಿಟ್ಟೇ ಹೋಗಿತ್ತು! 12 ಲಕ್ಷ ದಾಟಿದ 48,000ಕ್ಕಿಂತ ಜಾಸ್ತಿ ತೆರಿಗೆ ಹಾಕುವಂತಿಲ್ಲ. ಸೆಸ್ ಸೇರಿ 49,920. ಇಪ್ಪತ್ತು ಸಾವಿರ ಉಳಿಯಿತು.

ನಿಜವಾದ ಗುಂಡಿ ಇರೋದು ಬೋನಸ್ಸಿನಲ್ಲಿ. 40,000 ಬಂದರೆ ಬಂಗಲೆ ಲೆಕ್ಕವೂ 2,000 ಏರುತ್ತದೆ. ಆದಾಯ 12.90 ಲಕ್ಷ. ರಿಲೀಫ್ 12.70 ಲಕ್ಷದ ಆಸುಪಾಸಿನಲ್ಲೇ ಮುಗಿದಿರುತ್ತದೆ. ತೆರಿಗೆ 76,440. ನಲವತ್ತು ಸಾವಿರದ ಬೋನಸ್ಸಿಗೆ ಇಪ್ಪತ್ತಾರೂವರೆ ಸಾವಿರ ತೆರಿಗೆ! ಅದನ್ನು ಅದೇ ತಿಂಗಳು ಹಿಡಿದರೆ ಸಾಹೇಬ್ರು ನನ್ನನ್ನು ತೋಟದಿಂದಲೇ ಓಡಿಸುತ್ತಿದ್ದರು.

ಅದಕ್ಕೇ ಹೋದ ವರ್ಷದ ಬೋನಸ್ಸನ್ನೇ ಏಪ್ರಿಲ್‌ನಲ್ಲೇ ಅಂದಾಜಿಗೆ ಸೇರಿಸಿ ತಿಂಗಳಿಗೆ 6,370 ಹಿಡಿದೆ. ಪ್ರತಿ ತಿಂಗಳೂ ಇಡೀ ವರ್ಷದ ಲೆಕ್ಕ ಹೊಸದಾಗಿ ಹಾಕಿ, ಹಿಡಿದದ್ದನ್ನು ಕಳೆದು, ಉಳಿದ ತಿಂಗಳುಗಳಿಗೆ ಹಂಚಿದೆ. "ಕೈಗೇ ಬರದ ದುಡ್ಡಿಗೆ ಯಾಕ್ರೀ ಕತ್ತರಿ?" ಅಂತ ಹೆಡ್ ಆಫೀಸಿನ ಅಕೌಂಟೆಂಟ್ ನಕ್ಕರು. ಕಾನೂನು ಹೇಳೋದೂ ಅಂದಾಜು ಆದಾಯದ ಮೇಲೆ ಹಿಡಿಯಿರಿ ಅಂತಲೇ. ಅಕ್ಟೋಬರ್‌ನಲ್ಲಿ ಬಂದ ಬೋನಸ್ಸು ಸುಮಾರು 43,000. ಕಡಿತ ತಿಂಗಳಿಗೆ ಎಂಬತ್ತು ರೂಪಾಯಿ ಏರಿತು, ಅಷ್ಟೇ.

ನಡುವೆ ಒಂದು ಎಡವಟ್ಟು. ಜುಲೈ ಮಳೆಗೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಜೂನ್‌ನಲ್ಲಿ ಹಿಡಿದ ತೆರಿಗೆಯನ್ನು ಸರ್ಕಾರಕ್ಕೆ 7ರೊಳಗೆ ಕಟ್ಟಬೇಕಿತ್ತು, 9ಕ್ಕೆ ಕಟ್ಟಿದೆ. ತಡ ಎರಡು ದಿನ, ಬಡ್ಡಿ ಮಾತ್ರ ಹಿಡಿದ ತಿಂಗಳಿಂದಲೇ ಎಣಿಸಿ ಎರಡು ತಿಂಗಳದ್ದು, ಶೇ 3. ನೂರತೊಂಬತ್ತು ರೂಪಾಯಿ ನನ್ನ ಜೇಬಿನಿಂದಲೇ ಹೋಯಿತು. ಆಮೇಲಿಂದ 2ನೇ ತಾರೀಖು ದಾಟಿಸಿಲ್ಲ. ಇನ್ನೊಂದು ಸಂಜೆ, ನಮ್ಮ ಸಹಾಯಕರ ಎಲ್‌ಐಸಿ, ಮನೆ ಸಾಲ ಎಲ್ಲ ಹಾಕಿ ಹಳೆ ಪದ್ಧತಿಯನ್ನೂ ನೋಡಿದೆ. ಅವರ ಒಂಬತ್ತು ಲಕ್ಷಕ್ಕೆ ಹೊಸದರಲ್ಲಿ ಸೊನ್ನೆಯೇ ಬರುವಾಗ ಆ ಒದ್ದಾಟ ಯಾಕೆ ಬೇಕಿತ್ತೋ!

ಮಾರ್ಚ್‌ನಲ್ಲೂ ಫೆಬ್ರವರಿಯಷ್ಟೇ ಕಡಿತ. ಅಕೌಂಟೆಂಟ್ ಈಗ ನನ್ನ ಎಕ್ಸೆಲ್ ಶೀಟ್ ಕೇಳಿದ್ದಾರೆ. ಕಳಿಸಿದ್ದೇನೆ, ಅರಿಯರ್ಸ್ ಹಂಚುವ ಕಾಲಮ್ಮಿಗೆ ಮಾತ್ರ ಬೀಗ ಹಾಕಿ.