ಮೆನು ಬಿಡಿ, ಕರಿಹಲಗೆ ನೋಡಿ
ಇಂಗ್ಲೆಂಡಿನ ಕರಾವಳಿಯ ಪಬ್ಬುಗಳಲ್ಲಿ ಮೀನು ತಿನ್ನುವುದಾದರೆ ಮುದ್ರಿತ ಮೆನು ಪಕ್ಕಕ್ಕಿಟ್ಟು, ಗೋಡೆಯ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿರುವುದನ್ನೇ ತರಿಸಿಕೊಳ್ಳಿ. ಮೆನುವಿನ ಕಾಡ್ ಮೀನು ಬಹುಪಾಲು ನಾರ್ವೆ, ಐಸ್‌ಲ್ಯಾಂಡ್ ಕಡೆಯದು; ಹಲಗೆಯ ಮೇಲಿನ ಪಟ್ಟಿ ದೋಣಿ ತಂದದ್ದನ್ನು ನೋಡಿಕೊಂಡು ಬದಲಾಗುತ್ತದೆ. ಪೂರ್ವ ಕರಾವಳಿಯ ಕ್ರೋಮರ್ ಪಟ್ಟಣದಲ್ಲಿ ಬೇಸಿಗೆಯಾದರೆ ಏಡಿ: ಬಿಳಿ ಮಾಂಸವನ್ನೂ ಕಂದು ಮಾಂಸವನ್ನೂ ಬೇರೆ ಬೇರೆಯಾಗಿ ಚಿಪ್ಪಿನೊಳಗೇ ತುಂಬಿ ಕೊಡುತ್ತಾರೆ. ನೋಡಲು ಚೆನ್ನಾಗಿಲ್ಲವೆಂದು ಕಂದು ಮಾಂಸವನ್ನು ಬಿಡಬೇಡಿ, ರುಚಿಯೆಲ್ಲ ಅದರಲ್ಲೇ. ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ನಮ್ಮ ಬಂಗುಡೆಯ ದಾಯಾದಿ ಮ್ಯಾಕೆರೆಲ್. ಬಿರುಗಾಳಿ ಬೀಸಿದ ಮರುದಿನ ಈ ಉಪಾಯ ಫಲಿಸದು, ದೋಣಿಗಳೇ ಕಡಲಿಗಿಳಿದಿರುವುದಿಲ್ಲ. ಒರೆಸಲಾಗದ ಬಣ್ಣದಲ್ಲಿ ಬರೆದ ಹಲಗೆಯನ್ನಂತೂ ನಂಬಬೇಡಿ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಅನೇಕ ಅಡುಗೆಮನೆಗಳು ಮುಚ್ಚುತ್ತವೆ. ಸಸ್ಯಾಹಾರಿಗಳು ಯಾರ್ಕ್‌ಷೈರ್ ಕಡೆ ಚಿಪ್ಸ್ (ಅಲ್ಲಿ ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ) ಕೊಳ್ಳುವ ಮುನ್ನ ವಿಚಾರಿಸಿ: ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಅಲ್ಲಿ ಬಹಳ.