ನಾಯಿ ತರುವ ಮೊದಲು ಮನೆಯ ಟೈಮ್‌ಟೇಬಲ್ ನೋಡಿ

ನಾಯಿ ಸಾಕೋಣ ಎಂದ ಕೂಡಲೇ ಮನೆಯಲ್ಲಿ ಶುರುವಾಗುವ ಚರ್ಚೆ ಲ್ಯಾಬ್ರಡಾರಾ, ಪಗ್ಗಾ ಅನ್ನುವುದು. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಮೊದಲು ಒಂದು ಹಾಳೆ ತಗೊಂಡು ಮನೆಯವರ ದಿನಚರಿ ಬರೆಯಿರಿ. ಬೆಳಿಗ್ಗೆ ಬೇಗ ಏಳುವವರು ಯಾರು, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲೂ ಅದನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ನಾಯಿಯ ಆಯಸ್ಸು ಸುಮಾರು 10ರಿಂದ 13 ವರ್ಷ. ಇವತ್ತು 'ನಾನೇ ನೋಡ್ಕೋತೀನಿ' ಅಂತ ಹಟ ಹಿಡಿದಿರುವ ಐದನೇ ಕ್ಲಾಸಿನ ಮಗ, ನಾಯಿಗೆ ಮಂಡಿನೋವು ಬರುವ ಹೊತ್ತಿಗೆ ಯಾವುದೋ ಊರಿನ ಹಾಸ್ಟೆಲಿನಲ್ಲಿರುತ್ತಾನೆ. ಆದ್ದರಿಂದ ಆ ಹಾಳೆಯಲ್ಲಿ ಜವಾಬ್ದಾರಿಯ ಮುಂದೆ ದೊಡ್ಡವರೊಬ್ಬರ ಹೆಸರು ಇರಲೇಬೇಕು.

ಮರಿಯಾದರೆ ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಕರೆದೊಯ್ಯಬೇಕು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವ ಮನೆಗೆ ಮರಿ ಬೇಡ. ಮನೆ ಕಾಯಲಿ ಅಂತ ಕಾಂಪೌಂಡಿನಲ್ಲಿ ದಿನವಿಡೀ ಕಟ್ಟಿಹಾಕುವ ಯೋಚನೆ ಇದ್ದರೆ, ದಯವಿಟ್ಟು ಸಿಸಿಟಿವಿ ಹಾಕಿಸಿ. ಓಡಾಡಿಸದೆ ಸದಾ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಎರಡನೆಯದು ಮನೆ. ಬಾಡಿಗೆಗಿದ್ದರೆ ಮಾಲೀಕರನ್ನು ಮೊದಲೇ ಕೇಳಿ, ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಅಪಾರ್ಟ್‌ಮೆಂಟ್ ಸಂಘ ನಾಯಿಯನ್ನೇ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹಾಗೆ ಹೇಳುತ್ತದೆ. ಆದರೆ ಅದನ್ನೇ ಹಿಡಿದು ಜಗಳಕ್ಕೆ ನಿಂತರೆ ಪಕ್ಕದ ಮನೆಯವರ ಮುಖ ನೋಡೋದು ಕಷ್ಟ ಅಲ್ವಾ? ಕೈಯಲ್ಲಿ ಹಗ್ಗ, ಜೇಬಿನಲ್ಲಿ ಒಂದು ಚೀಲ ಇಟ್ಟುಕೊಂಡು ನಾಯಿ ಮಾಡಿದ್ದನ್ನು ನೀವೇ ಎತ್ತಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ನಗರ ಪಾಲಿಕೆಯ ಪರವಾನಗಿಯನ್ನೂ ಮಾಡಿಸಿಬಿಡಿ.

ಈಗ ಯಾವ ನಾಯಿ ಅನ್ನುವ ಮಾತಿಗೆ ಬರೋಣ. ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ಹಸ್ಕಿಯನ್ನು ಕಲಬುರಗಿಯ ಬಿಸಿಲಿಗೆ ತಂದು ಎಸಿ ಹಾಕುವವರಿದ್ದಾರೆ. ನನಗಂತೂ ಅದು ಪ್ರೀತಿ ಅನ್ನಿಸುವುದಿಲ್ಲ. ಮೊಬೈಲ್ ಕಂಪನಿಯ ಜಾಹೀರಾತು ನೋಡಿ ಊರೆಲ್ಲ ಪಗ್ ತಂದ ಕಾಲ ನೆನಪಿರಬಹುದು. ಚಪ್ಪಟೆ ಮೂಗಿನ ಆ ನಾಯಿಗಳಿಗೆ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ. ನಮ್ಮದೇ ಬೇಕು ಅಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ. ಬಿಸಿಲು ತಡೆಯುತ್ತದೆ, ಕೂದಲು ಚಿಕ್ಕದು, ಮೈ ತೆಳ್ಳಗಿರುವುದು ಅದರ ಗುಣ, ಹೊಟ್ಟೆಗಿಲ್ಲದೆ ಸೊರಗಿದ್ದಲ್ಲ. ಆದರೆ ಅದು ಬೇಟೆ ನಾಯಿ, ಮೊಲದ ಹಿಂದೆ ಓಡಲು ಹುಟ್ಟಿದ್ದು, ಬೆಕ್ಕು ಕಂಡರೆ ನಿಮ್ಮ ಕೈಯಿಂದ ಹಗ್ಗ ಕಿತ್ತುಕೊಂಡು ಹೋಗುತ್ತದೆ. ಹೊಲವೋ ಬೇಲಿ ಹಾಕಿದ ಮೈದಾನವೋ ಹತ್ತಿರ ಇಲ್ಲದಿದ್ದರೆ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬೇಡ. ಅಂಥ ಮನೆಗೆ ಬೀದಿ ನಾಯಿಯ ಮರಿಯೇ ಒಳ್ಳೆಯದು. ಇಲ್ಲಿನ ಹವೆಗೆ ಒಗ್ಗಿದ್ದು, ಖರ್ಚೂ ಕಡಿಮೆ. ಹೊರಗೆ ಜಾಸ್ತಿ ಹೊತ್ತು ಇರುವವರು ಮರಿಯ ಬದಲು ಬೆಳೆದ ನಾಯಿಯನ್ನೇ ದತ್ತು ತಗೊಳ್ಳಿ. ಅದರ ಸ್ವಭಾವ ಏನು ಅನ್ನುವುದು ಅಷ್ಟರಲ್ಲಿ ಗೊತ್ತಾಗಿರುತ್ತದೆ.

ದುಡ್ಡು ಕೊಟ್ಟೇ ತರುವುದಾದರೆ ತಾಯಿಯನ್ನು ನೋಡದೆ ಮರಿ ತರಬೇಡಿ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ ಎಂದು 2017ರ ನಿಯಮವೇ ಇದೆ. ರಸ್ತೆ ಬದಿ ಬುಟ್ಟಿಯಲ್ಲಿಟ್ಟು ಮಾರುವವರ ಹತ್ತಿರ ಪಾಪ ಅಂತ ಕೊಂಡರೆ ಆ ವ್ಯಾಪಾರ ಇನ್ನಷ್ಟು ಬೆಳೆಯುತ್ತದೆ.

ಮರಿಯ ಬೆಲೆ ಒಂದೇ ಸಲದ್ದು, ಡಾಕ್ಟರ ಖರ್ಚು ವರ್ಷವರ್ಷವೂ ಇರುತ್ತದೆ. ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಎಂಬ ಸೋಂಕು ರೋಗಗಳ ಲಸಿಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ. ಜಂತುಹುಳದ ಔಷಧಿ ಬೇರೆ. ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಅಂತ ಮೊದಲ ಭೇಟಿಯಲ್ಲೇ ಕೇಳಿ. ಮರಿ ಹಾಕಿಸಿ ಹಂಚುತ್ತೇವೆ ಎಂದು ಸುಮ್ನೆ ಅಂದುಕೊಳ್ಳಬೇಡಿ, ಎಂಟು ಮರಿ ಹುಟ್ಟಿದರೆ ತಗೊಳ್ಳುವವರು ಇಬ್ಬರೂ ಸಿಗುವುದಿಲ್ಲ. ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಅಂತ ದಿನಾ ನೋಡಿ. ಉಣ್ಣಿಯಿಂದ ಬರುವ ಜ್ವರ ನಾಯಿಯ ಪ್ರಾಣಕ್ಕೇ ಕುತ್ತು ತರಬಹುದು.

ಊಟಕ್ಕೆ ನಾವು ಉಳಿಸಿದ್ದೇ ಸಾಕು ಅನ್ನುವವರು ಗಮನಿಸಿ. ಈರುಳ್ಳಿ ಹಾಕಿದ ಸಾಂಬಾರು, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ.

ದಸರಾ ರಜೆಗೆ ಊರಿಗೆ ಹೋದಾಗ ನಾಯಿಯನ್ನು ನೋಡಿಕೊಳ್ಳುವವರು ಯಾರು ಅಂತ ಇವತ್ತೇ ಒಬ್ಬರನ್ನು ಕೇಳಿ ಇಟ್ಟುಕೊಳ್ಳಿ. ಇಷ್ಟಾದ ಮೇಲೂ ಅನುಮಾನ ಇದ್ದರೆ ಆಶ್ರಯಧಾಮವೊಂದರಿಂದ ಒಂದು ನಾಯಿಯನ್ನು ಕೆಲವು ವಾರ ಫಾಸ್ಟರ್ ಆಗಿ, ಅಂದರೆ ತಾತ್ಕಾಲಿಕವಾಗಿ, ತಂದು ಸಾಕಿ ನೋಡಿ. ನಿಮ್ಮಿಂದ ಆಗಲಿಲ್ಲ ಅಂದರೆ ಅದು ಬೀದಿಗೆ ಬೀಳದೆ ವಾಪಸ್ ಹೋಗಲು ಒಂದು ಜಾಗವಾದರೂ ಇರುತ್ತದೆ.