ಜಯಧರ ಹತ್ತಿಗೆ ಮಗ್ಗ ಒಗ್ಗಿಸಿದ ಕಥೆ

ಮೊದಲ ಹಾಸು, ಅಂದರೆ ಬಟ್ಟೆಯ ಉದ್ದೆಳೆಗಳು, ಮಗ್ಗಕ್ಕೇರಿದ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ನೇಯ್ದದ್ದು ಒಂದು ಗೇಣು ಬಟ್ಟೆ. ಉಳಿದ ಹೊತ್ತೆಲ್ಲ ಹರಿದ ಎಳೆ ಹುಡುಕಿ ಗಂಟು ಹಾಕುವುದರಲ್ಲೇ ಹೋಗಿತ್ತು. ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ನಮ್ಮ ಕಾಕಾ ಲಾಳಿಯನ್ನು ಪಕ್ಕಕ್ಕಿಟ್ಟು, "ತಮ್ಮಾ, ಇದು ನೇಯೂ ಕೆಲಸ ಅಲ್ಲ, ಗಂಟ ಹಾಕೂ ಕೆಲಸ. ಗಂಟಿಗೆ ಎಷ್ಟ ಕೂಲಿ ಕೊಡ್ತಿ, ಮೊದಲ ಹೇಳು" ಅಂದರು. ಅವರು ಮಗ್ಗ ಹಿಡಿದು ಆಗ 41 ವರ್ಷ. ನಾನು ಕಾಲೇಜು ಓದಿ, ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಲೆಕ್ಕ ಬರೆದು ಊರಿಗೆ ಮರಳಿದವನು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಹಾಸಿನ ನೂಲು ಜಯಧರ ಎಂಬ ದೇಸಿ ಹತ್ತಿಯದು. 2019ರ ಬೇಸಿಗೆ.

ನಾವು ಬೆಟಗೇರಿಯವರು. ಅಜ್ಜನ ಕಾಲಕ್ಕೆ ಮನೆಯಲ್ಲಿ ನೇಯುತ್ತಿದ್ದದ್ದು ಪೂರ್ತಿ ಹತ್ತಿಯ ಸೀರೆ. ಅಪ್ಪನ ಕಾಲಕ್ಕೆ ದಡಿ, ಸೆರಗಿಗೆ ಚಮಕಾ ಬಂತು, ಅಂದರೆ ಆರ್ಟ್ ಸಿಲ್ಕ್, ರೇಷ್ಮೆಯಂತೆ ಹೊಳೆಯುವ ರೇಯಾನ್ ನೂಲು. ನಾನು ಊರಿಗೆ ಬರುವಷ್ಟರಲ್ಲಿ ಹಾಸಿಗೂ ಪಾಲಿಯೆಸ್ಟರ್ ಕಾಲಿಟ್ಟಿತ್ತು. ಪಾಲಿಯೆಸ್ಟರ್ ಹರಿಯುವುದಿಲ್ಲ, ಗಂಜಿ ಕೇಳುವುದಿಲ್ಲ, ಬಿಸಿಲು ಮಳೆ ನೋಡುವುದಿಲ್ಲ. ನೇಕಾರನಿಗೆ ಅದರಷ್ಟು ಸುಖದ ನೂಲು ಮತ್ತೊಂದಿಲ್ಲ ಅನ್ನುವುದನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ. ಆದರೆ ಪವರ್‌ಲೂಮಿಗೂ ಅದು ಅಷ್ಟೇ ಸುಖ. ನಾವು ಎರಡು ದಿನ ಕೂತು ನೇಯುವ ಸೀರೆಯನ್ನು ಪಕ್ಕದ ಓಣಿಯ ಪವರ್‌ಲೂಮು ಒಂದೇ ದಿನದಲ್ಲಿ ಮೂರು ನಾಲ್ಕು ಇಳಿಸಿಬಿಡುತ್ತಿತ್ತು. ಅದೇ ನೂಲು, ಅದೇ ಬಣ್ಣ, ಅರ್ಧ ರೇಟು. ಹೀಗಾದ ಮೇಲೆ ನಮ್ಮ ನಾಲ್ಕು ಕುಣಿಮಗ್ಗ ಯಾರಿಗೆ ಬೇಕು?

ಪರಿಸರದ ಯೋಚನೆ ಹೊಳೆದದ್ದು ಹಿತ್ತಲಲ್ಲಿ. ಮಗ್ಗದ ಕಸವನ್ನು ಅಮ್ಮ ಒಲೆಗೆ ಹಾಕುತ್ತಿದ್ದಳು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತಿತ್ತು. ಪಾಲಿಯೆಸ್ಟರ್ ಮಾತ್ರ ಮುದುಡಿ, ಕರಗಿ, ಕರಿ ಮಣಿಯ ಹಾಗೆ ಒಲೆಯ ತಳಕ್ಕೆ ಅಂಟಿಕೊಳ್ಳುತ್ತಿತ್ತು. ಹೊಗೆಗೆ ಕಣ್ಣುರಿ. ಸುಡುವುದು ಬೇಡ ಎಂದು ಮೂಟೆ ಕಟ್ಟಿಟ್ಟರೆ ಆ ಮೂಟೆ ಮೂರು ಮಳೆಗಾಲ ಕಂಡರೂ ಹಾಗೆಯೇ ಇತ್ತು. ಹತ್ತಿಯ ಕಸ ದಿಂಬಿಗೋ ಬತ್ತಿಗೋ ಆಗುತ್ತದೆ, ಏನೂ ಆಗದಿದ್ದರೆ ತಿಪ್ಪೆಯಲ್ಲಿ ಕೊಳೆಯುತ್ತದೆ.

ಹಾಗಾದರೆ ಪವರ್‌ಲೂಮಿಗೆ ಬೇಡವಾದ, ನಮ್ಮ ನೆಲದ್ದೇ ಆದ ಹತ್ತಿ ಯಾವುದು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನರಗುಂದದ ಕಡೆಯ ಒಬ್ಬ ರೈತರಲ್ಲಿ. ಜಯಧರ ದೇಸಿ ಹತ್ತಿ. ಧಾರವಾಡ, ಗದಗ, ಹಾವೇರಿಯ ಎರೆಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿಯ ಸಾಲಿನ ನಡುವೆ ಇದನ್ನು ಹಾಕುವ ರೂಢಿ ಹಳೆಯದು. ಉಳ್ಳಾಗಡ್ಡಿ ಕಿತ್ತ ಮೇಲೆ ಮೆಣಸಿನಕಾಯಿ, ಅದೂ ಮುಗಿದ ಮೇಲೆ ಬೇಸಿಗೆಯ ಹೊತ್ತಿಗೆ ಹತ್ತಿ. ಮಳೆಯ ಆಸರೆಯಲ್ಲೇ ಬೆಳೆಯುತ್ತದೆ, ರಸ ಹೀರುವ ಕೀಟ ಬಂದರೂ ತಡೆದುಕೊಳ್ಳುತ್ತದೆ. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ಇದನ್ನು ಕೇಳುವವರೇ ಕಡಿಮೆಯಾದರು. ಕಾರಣವೂ ಇದೆ: ಕಾಯಿ ಸಣ್ಣದು, ಬಿಡಿಸುವ ಕೂಲಿ ಹೆಚ್ಚು, ಎಳೆ ಗಿಡ್ಡ. ಗಿಡ್ಡ ಎಳೆಯಿಂದ ಸಣ್ಣ ನೂಲು ಬರುವುದಿಲ್ಲ. ದೊಡ್ಡ ಗಿರಣಿಗಳಿಗೆ ಅದು ಬೇಡ.

ನಾನು ಮೊದಲ ವರ್ಷ 2 ಕ್ವಿಂಟಲ್ ಕೊಂಡೆ. ಹಿಂಜಿಸಿದ ಮೇಲೆ ಕೈಗೆ ಬಂದ ಅರಳೆ 60 ಕಿಲೋಗಿಂತ ಸ್ವಲ್ಪ ಕಡಿಮೆ. ಗಿರಣಿಯವರು ಅಷ್ಟಕ್ಕೆಲ್ಲ ಮಿಷನ್ ತೊಳೆದು ಹಚ್ಚುವುದಿಲ್ಲ ಎಂದರು. ಕೊನೆಗೆ ಖಾದಿ ಸಂಘವೊಂದರಲ್ಲಿ ಅಂಬರ ಚರಕದ ಮೇಲೆ ನೂಲಿಸಿದೆ. 20ನೇ ನಂಬರಿಗಿಂತ ಮೇಲೆ ಹೋಗಲಿಲ್ಲ (ನಂಬರ್ ಹೆಚ್ಚಿದಷ್ಟೂ ನೂಲು ಸಣ್ಣ). ಆ ನೂಲೇ ನಮ್ಮ ಕಾಕಾನ ಸಿಟ್ಟಿಗೆ ಕಾರಣವಾದದ್ದು.

ಹರಿಯುವುದನ್ನು ನಿಲ್ಲಿಸಲು ಏಳೆಂಟು ತಿಂಗಳು ಬೇಕಾಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ದಾರಿಗೆ ಬರುವವರು ಮೊದಲು ಎಡವುವುದೇ ಇಲ್ಲಿ.

ನಮ್ಮ ಮಗ್ಗದಲ್ಲಿ ಇದ್ದದ್ದು ಪಾಲಿಯೆಸ್ಟರ್‌ಗೆ ಹೊಂದಿಸಿದ ಒತ್ತಾದ ಫಣಿ, ಅಂದರೆ ಹಾಸಿನ ಎಳೆಗಳು ಹಾದುಹೋಗುವ ಬಾಚಣಿಗೆ. ಪ್ರತಿ ಬಡಿತಕ್ಕೂ ಅದು ಎಳೆಯ ಮೈ ಉಜ್ಜುತ್ತದೆ. ಗಿಡ್ಡ ಎಳೆಯ ಹತ್ತಿಗೆ ಮೈತುಂಬ ನವಿರು. ಉಜ್ಜಿದಷ್ಟೂ ನವಿರು ಎದ್ದು, ಅಕ್ಕಪಕ್ಕದ ಎಳೆಗೆ ತೊಡಕಿ, ಹರಿಯುತ್ತದೆ. ಮೊದಲು ಫಣಿ ಬದಲಿಸಿ ಅಗಲ ಸಂದಿನದನ್ನು ಹಾಕಿದೆವು. ಆಮೇಲೆ ಹಾಸಿಗೆ ಒಂಟಿ ಎಳೆ ಬಿಟ್ಟು ಎರಡೆಳೆ ಹುರಿ ಮಾಡಿಸಿ, ಹೊಕ್ಕಿಗೆ, ಅಂದರೆ ಅಡ್ಡೆಳೆಗೆ, ಒಂಟಿ ಎಳೆಯನ್ನೇ ಉಳಿಸಿಕೊಂಡೆವು. ಹರಿಯುವುದು ಅರ್ಧ ತಗ್ಗಿತು. ಪೂರ್ತಿ ನಿಲ್ಲಲಿಲ್ಲ.

ಉಳಿದರ್ಧಕ್ಕೆ ಮದ್ದು ಕಾಕಾನ ನೆನಪಿನಲ್ಲೇ ಇತ್ತು. ಒಂದು ಸಂಜೆ ಚಹಾ ಕುಡಿಯುತ್ತ, "ನಮ್ಮವ್ವ ಜ್ವಾಳದ ಹಿಟ್ಟಿನ ಗಂಜಿ ಮಾಡತಿದ್ಲು. ಅದಕ್ಕ ಒಂದೀಟ ಕೊಬ್ರಿ ಎಣ್ಣಿ ಬಿಡತಿದ್ಲು. ಯಾಕ ಅಂತ ನಾ ಕೇಳಲೇ ಇಲ್ಲ" ಅಂದರು. ಮರುದಿನ ಬೆಳಗಿನ ಜಾವ ಐದಕ್ಕೆ ಹಾಸನ್ನು ಓಣಿಯ ಉದ್ದಕ್ಕೆ ಚಾಚಿ, ಇಬ್ಬರು ಆ ಕಡೆ, ಇಬ್ಬರು ಈ ಕಡೆ ನಿಂತು ಗಂಜಿ ಹಚ್ಚಿದೆವು. ಕುಂಚವನ್ನು ಒಂದೇ ದಿಕ್ಕಿಗೆ ಎಳೆಯಬೇಕು. ಹಿಂದೆ ಮುಂದೆ ಆಡಿಸಿದರೆ ಕೂತ ನವಿರು ಮತ್ತೆ ಎದ್ದು ನಿಲ್ಲುತ್ತದೆ. ಬಿಸಿಲೇರುವ ಮೊದಲು ಮುಗಿಸಬೇಕು, ಇಲ್ಲದಿದ್ದರೆ ಗಂಜಿ ಬಿರಿದು ಪುಡಿ ಉದುರುತ್ತದೆ. ಎಣ್ಣೆ ಯಾಕೆ ಎನ್ನುವುದು ಆಗ ಗೊತ್ತಾಯಿತು: ಬರೀ ಗಂಜಿ ಎಳೆಯನ್ನು ಕಡ್ಡಿಯಂತೆ ಮಾಡುತ್ತದೆ, ಎಣ್ಣೆ ಬಿದ್ದರೆ ಬಾಗುತ್ತದೆ.

ಇನ್ನೊಂದು ಸಂಗತಿ ತೇವ. ಹತ್ತಿಗೆ ತೇವ ಸಿಕ್ಕರೆ ಬಲ, ಒಣಗಿದರೆ ಹರಿಯುತ್ತದೆ. ಕುಣಿಮಗ್ಗವನ್ನು ನೆಲ ಅಗೆದು ಕೂರಿಸಿದ್ದರ ಲಾಭ ಅದೇ, ನೆಲದ ತಂಪು ಹಾಸಿನ ಎಳೆಗೆ ತಾಗುತ್ತದೆ. ನಾವು ಅಪ್ಪನ ಕಾಲದಲ್ಲಿ ನೆಲಕ್ಕೆ ಕಡಪಾ ಕಲ್ಲು ಹಾಸಿ ಆ ತಂಪನ್ನು ಕಳೆದುಕೊಂಡಿದ್ದೆವು. ಮಗ್ಗದ ಕೆಳಗಿನ ನಾಲ್ಕು ಕಲ್ಲು ಕಿತ್ತು ಮಣ್ಣು ತುಂಬಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆವು. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ನೇಯುವುದನ್ನೇ ಬಿಟ್ಟೆವು. ಇಷ್ಟೆಲ್ಲ ಆದ ಮೇಲೆ ಕಾಕಾ ಗಂಟಿನ ಕೂಲಿಯ ಮಾತೆತ್ತಲಿಲ್ಲ.

ಸೀರೆ ಮಾಡುವ ಆಸೆ ಮಾತ್ರ ಕೈಬಿಡಬೇಕಾಯಿತು. ಮೊದಲ ಸೀರೆ ಇಳಿಸಿ ತಕ್ಕಡಿಗೆ ಹಾಕಿದರೆ ಒಂದು ಕಿಲೋ ಹತ್ತಿರ. 80ನೇ ನಂಬರ್ ನೂಲಿನ ಸೀರೆ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಉಟ್ಟು ನೋಡಿದ ಅಮ್ಮ, "ಕೌದಿ ಸುತ್ತಿಕೊಂಡಂಗ ಆಗತೈತಿ" ಎಂದು ಬಿಚ್ಚಿಟ್ಟಳು. ಆ ಸೀರೆಯನ್ನು ಅಪ್ಪ ಚಳಿಗಾಲಕ್ಕೆ ಹೊದೆಯಲು ಇಟ್ಟುಕೊಂಡ. ಅಲ್ಲಿಂದಲೇ ದಾರಿ ಸಿಕ್ಕಿತೆನ್ನಬೇಕು: ಹೊದಿಕೆ, ಟವೆಲ್ಲು, ಅಂಗಿ ಬಟ್ಟೆ. ದಪ್ಪ ನೂಲು ನೀರು ಚೆನ್ನಾಗಿ ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ.

ಇನ್ನು ಬಣ್ಣ. ಅರಳೆ ದೇಸಿ, ಬಣ್ಣ ಮಾತ್ರ ರಾಸಾಯನಿಕ ಅಂದರೆ ಹೇಗೆ ಎಂದು ಗಿಡದ ಬಣ್ಣಕ್ಕೆ ಕೈ ಹಾಕಿದೆ. ದಾಳಿಂಬೆ ಸಿಪ್ಪೆ ಸುಲಭ ಅಂದಿದ್ದರು. ಜ್ಯೂಸ್ ಅಂಗಡಿಯಿಂದ ಸಿಪ್ಪೆ ತಂದು ಒಣಗಿಸಿ ಕುದಿಸಿದೆ. ನೂಲಿನ ಲಡಿಗಳನ್ನು ಮೊದಲು ಸೋಡಾದಲ್ಲಿ ಕುದಿಸಿ ಮೇಣ ಬಿಡಿಸಿ, ಅಳಲೆಕಾಯಿ ನೀರಿನಲ್ಲಿ ನೆನೆಸಿ, ಪಟಿಕದ ನೀರಿನಿಂದ ತೆಗೆದು ಬಣ್ಣಕ್ಕಿಳಿಸಿದೆ. ಎಲ್ಲ ಹೇಳಿದಂತೆಯೇ. ಬರಬೇಕಾದದ್ದು ಹಳದಿ. ಬಂದದ್ದು ಪೊಲೀಸ್ ಸಮವಸ್ತ್ರದ ಬಣ್ಣ. ಇನ್ನೊಮ್ಮೆ ಮಾಡಿದೆ, ಪಾಚಿ ಹಸಿರು. ಸಿಪ್ಪೆ ಬದಲಿಸಿದೆ, ಪಟಿಕ ಹೆಚ್ಚಿಸಿದೆ. ಎರಡು ತಿಂಗಳು ಇದೇ ಹಾಡು. ಕಾರಣ ಹೊಳೆದದ್ದು ಬಚ್ಚಲಲ್ಲಿ, ಬೋರಿನ ನೀರು ತುಂಬಿಟ್ಟ ಬಿಳಿ ಬಕೆಟ್ಟಿನ ಕಂದು ಕರೆ ನೋಡಿದಾಗ. ನಮ್ಮ ಬೋರಿನ ನೀರಿನಲ್ಲಿ ಕಬ್ಬಿಣ. ಸಾಲದ್ದಕ್ಕೆ ನಾನು ಕುದಿಸುತ್ತಿದ್ದದ್ದೂ ಅಜ್ಜಿಯ ಕಾಲದ ಕಬ್ಬಿಣದ ಕಡಾಯಿ. ಸಿಪ್ಪೆಯ, ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಿಂದಿನವರು ಶಾಯಿ ಮಾಡುತ್ತಿದ್ದದ್ದೇ ಹೀಗೆ. ಸ್ಟೀಲ್ ಪಾತ್ರೆ ಕೊಂಡು, ಮಾಳಿಗೆಯ ಮಳೆನೀರನ್ನು ಟಾಕಿಗೆ ಇಳಿಸಿದೆ. ಮೊದಲ ಮಳೆನೀರಿನ ಲಡಿ ಎತ್ತಿದಾಗ ಹಣ್ಣಾದ ಮಾವಿನ ಸಿಪ್ಪೆಯ ಹಳದಿ. ಆ ದಿನ ಓಣಿಯವರನ್ನೆಲ್ಲ ಕರೆದು ತೋರಿಸಿದ್ದೆ, ಈಗ ನೆನೆದರೆ ನಾಚಿಕೆ.

ಅಡಿಕೆ ಚೊಗರು ಅಷ್ಟು ಕಾಡಲಿಲ್ಲ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸ ಅದು, ಕೆಲವರು ತೊಗರು ಅನ್ನುತ್ತಾರೆ. ಹೆಗ್ಗೋಡಿನ 'ಚರಕ' ಎಂಬ ಮಹಿಳಾ ಸಹಕಾರ ಸಂಘದವರು ಅದರಿಂದ ಬಣ್ಣ ಮಾಡುವುದು ಹೆಸರಾದ ಸಂಗತಿ. ನಮಗೆ ಶಿರಸಿ ಕಡೆಯಿಂದ ಕೊಯ್ಲಿನ ಕಾಲದಲ್ಲಿ ಕ್ಯಾನ್‌ನಲ್ಲಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಒಮ್ಮೆ ಕ್ಯಾನ್ ಮುಚ್ಚಳ ಬಿಚ್ಚಿ ಯಾರದೋ ಅಕ್ಕಿ ಮೂಟೆ ಕೆಂಪಾಗಿ, ಅದರ ದುಡ್ಡೂ ನಾನೇ ಕೊಟ್ಟೆ.

ಎರಡು ತಪ್ಪು ಒಪ್ಪಿಕೊಳ್ಳಬೇಕು. ಅರಿಶಿನದಲ್ಲಿ ಅದ್ದಿದ 30 ಟವೆಲ್ ಮಾರಿದೆ. ಅಂಗಡಿಯ ಗಾಜಿನ ಹಿಂದೆ ಮಡಚಿಟ್ಟದ್ದು ಹದಿನೈದೇ ದಿನಕ್ಕೆ ಬಿಸಿಲು ಬಿದ್ದ ಭಾಗ ಬಿಳಿಚಿ ವಾಪಸ್ ಬಂತು. ಅರಿಶಿನಕ್ಕೆ ಬಿಸಿಲು ತಡೆಯುವುದಿಲ್ಲ ಎಂದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು, ಅವರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಎರಡನೆಯದು ಕಪ್ಪು. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಮೂರು ವಾರ ಹುಳಿಸಿ ಮಾಡುವ ಕಪ್ಪು ಚಂದ ಬರುತ್ತದೆ. ಇನ್ನೂ ಗಾಢವಾಗಲಿ ಎಂದು ನಾನು ಹೆಚ್ಚು ಹಾಕಿದೆ. ಒಂದೂವರೆ ವರ್ಷಕ್ಕೆ ಹೊದಿಕೆಯ ಕಪ್ಪು ಪಟ್ಟೆ ಮಾತ್ರ ಜೀರ್ಣವಾಗಿ ಹರಿಯಿತು, ಪಕ್ಕದ ಬಿಳಿ ಗಟ್ಟಿ ಇತ್ತು. ಕಬ್ಬಿಣ ಅತಿಯಾದರೆ ಹತ್ತಿಯನ್ನೇ ತಿನ್ನುತ್ತದೆ. ಗಿಡದ ಬಣ್ಣ ಅಂದಮಾತ್ರಕ್ಕೆ ಸಾಧು ಎಂದು ತಿಳಿಯಬೇಡಿ. ಬಣ್ಣ ನಿಲ್ಲಲಿ ಎಂದು ಮೈಲುತುತ್ತ ಹಾಕುವವರೂ ಇದ್ದಾರೆ. ಆ ನೀರು ಹೊಲಕ್ಕೆ ಬಿಡಲು ನನಗೆ ಧೈರ್ಯವಿಲ್ಲ.

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತಲ್ಲ, ಅದರ ಮುಂದಿನ ವರ್ಷ ನೂಲಿಸಲು ಖಾದಿ ಸಂಘಕ್ಕೆ ಹೋದಾಗ, ಖಾದಿ ಬಾವುಟದ ಕೆಲಸ ತಗ್ಗಿ ಚರಕಗಳ ಮುಂದೆ ಖಾಲಿ ಜಾಗ ಕಂಡಿತು. ಮುಂಚೆ ನಮ್ಮ ಚಿಲ್ಲರೆ ಕೆಲಸಕ್ಕೆ ತಿಂಗಳುಗಟ್ಟಲೆ ಕಾಯಿಸುತ್ತಿದ್ದವರು ಈಗ, "ಇನ್ನೂ ಇದ್ರ ತರ್ರಿ ಅಣ್ಣಾರ" ಎಂದರು. ನಮಗೆ ನೂಲು ಸಲೀಸಾದದ್ದು ಹೀಗೆ. ಹೇಳಿಕೊಳ್ಳಲು ಖುಷಿಯಾಗುವ ಕಾರಣವಲ್ಲ.

ಮಾರುವಾಗಿನ ಪಜೀತಿ ಬೇರೆ. ಬೆಂಗಳೂರಿನ ಒಬ್ಬ ಗಿರಾಕಿ ಚೀಟಿಯ ಮೇಲೆ 'ಆರ್ಗ್ಯಾನಿಕ್' ಎಂದು ಹಾಕಿಸಿ ಅಂದರು. ನಮ್ಮ ರೈತರು ಈ ಹತ್ತಿಗೆ ಔಷಧ ಹೊಡೆಯುವುದಿಲ್ಲ, ಆದರೆ ಅದೇ ಸಾಲಿನ ಮೆಣಸಿನಕಾಯಿಗೆ ಹೊಡೆಯುತ್ತಾರೆ. ಗಾಟ್ಸ್ (GOTS) ಎನ್ನುವ ಅಂತರರಾಷ್ಟ್ರೀಯ ಗುರುತಿಗೆ 'ಸಾವಯವ' ಎನ್ನಬೇಕಾದರೆ ಪ್ರಮಾಣೀಕೃತ ಸಾವಯವ ನಾರು ಕನಿಷ್ಠ 95% ಇರಬೇಕು, ಹೊಲದಿಂದ ಹೊಲಿಗೆಯವರೆಗೂ ತಪಾಸಣೆ, ಶುಲ್ಕ. ನಾಲ್ಕು ಮಗ್ಗದವನಿಗೆ ಅದು ಎಟುಕುವುದಲ್ಲ. 'ದೇಸಿ ಹತ್ತಿ, ಮಳೆಯಾಶ್ರಿತ' ಎಂದು ಬರೆಯುತ್ತೇನೆ ಅಂದೆ. ಆರ್ಡರು ಹೋಯಿತು. ಬಾಟಲಿ ಕರಗಿಸಿ ಮಾಡಿದ ಪಾಲಿಯೆಸ್ಟರ್ ನೂಲನ್ನು ಹಸಿರು ನೂಲು ಎಂದು ಮಾರಲು ಬಂದವರೂ ಇದ್ದಾರೆ. ಬಾಟಲಿ ಕಸವಾಗುವುದು ತಪ್ಪಿತು, ಸರಿ. ಒಗೆದಾಗ ಸಣ್ಣ ಪ್ಲಾಸ್ಟಿಕ್ ಎಳೆ ಉದುರುವುದು ತಪ್ಪುತ್ತದೆಯೇ?

"ರೇಯಾನ್ ಮರದಿಂದ ಬರ್ತದಲ್ರಿ, ಅದೂ ನೈಸರ್ಗಿಕ" ಎನ್ನುವವರು ಇನ್ನೂ ಹೆಚ್ಚು. ನಮ್ಮ ಭಾಗದವರು ಹಾಗೆನ್ನುವಾಗ ಬೇಸರವಾಗುತ್ತದೆ. ರೇಯಾನ್‌ಗೆ ಬೇಕಾದ ಮರದ ತಿರುಳಿಗಾಗಿ ಹಳ್ಳಿಗಳ ಗೋಮಾಳದಲ್ಲಿ ನೀಲಗಿರಿ ನೆಟ್ಟಿದ್ದಕ್ಕೇ ಅಲ್ಲವೇ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದ್ದು? ಕಿತ್ತಿಕೊ-ಹಚ್ಚಿಕೊ ಎಂದೇ ಆ ಚಳವಳಿಯ ಹೆಸರು. ಹಾಗೆಂದು ನಾನೇನೂ ಮಡಿವಂತನಲ್ಲ. ಹೊದಿಕೆಯ ಅಂಚಿಗೆ ಹೊಳಪು ಬೇಕೆಂದು ಕೇಳಿದವರಿಗೆ ಚಮಕಾ ಹಾಕಿಯೇ ಕೊಟ್ಟಿದ್ದೇನೆ, ಚೀಟಿಯಲ್ಲಿ ಹಾಗೆಂದು ಬರೆದು.

ಈಗಿನ ಲೆಕ್ಕ ಹೇಳುತ್ತೇನೆ. ನಾಲ್ಕರಲ್ಲಿ ಎರಡು ಮಗ್ಗ ಜಯಧರಕ್ಕೆ, ಎರಡು ಹಳೆಯ ಸೀರೆಗೆ. ಸೀರೆಯ ಮಗ್ಗ ನಿಲ್ಲಿಸಿದರೆ ಮನೆ ನಡೆಯುವುದಿಲ್ಲ. ಜಯಧರದ ಮಗ್ಗದಲ್ಲಿ ದಿನಕ್ಕೆ ಇಳಿಯುವ ಬಟ್ಟೆ ಕಡಿಮೆ, ಹಾಗಾಗಿ ಮೀಟರಿಗೆ ಕೂಲಿ ಒಂದೂವರೆ ಪಟ್ಟು ಕೊಡುತ್ತೇನೆ. ಆ ಹೆಚ್ಚಿನ ದುಡ್ಡು ಗಿರಾಕಿಯ ಮೇಲೆಯೇ ಬೀಳುತ್ತದೆ, ಬೇರೆ ದಾರಿ ನನಗೆ ತಿಳಿದಿಲ್ಲ. ಟವೆಲ್ಲಿಗೆ ಇಷ್ಟೊಂದೇ ಎನ್ನುವವರು ನಮ್ಮ ಊರವರೇ. ಒಯ್ದು ಒಂದು ವರ್ಷ ಬಳಸಿದವರು ಮಾತ್ರ ಚೌಕಾಶಿ ಇಲ್ಲದೆ ಎರಡನೆಯದು ಕೇಳುತ್ತಾರೆ.

ಮೊನ್ನೆ ಆಗಸ್ಟಿನಲ್ಲಿ ನರಗುಂದದ ಆ ರೈತರು ಫೋನ್ ಮಾಡಿದ್ದರು. ಉಳ್ಳಾಗಡ್ಡಿ ಸಾಲಿಗೆ ಹತ್ತಿ ಹಾಕುವ ಹೊತ್ತು. "ಈ ಸಲ ಎಷ್ಟ ಬೇಕ್ರಿ? ನೀವ ಒಯ್ಯೂದಿದ್ರ ಎರಡ ಎಕರೆ ಹಾಕ್ತೀನಿ, ಇಲ್ಲಂದ್ರ ಕಡ್ಲಿ ಬಿತ್ತತೀನಿ" ಅಂದರು. ಗೋದಾಮಿನಲ್ಲಿ ಹೋದ ವರ್ಷದ 18 ಹೊದಿಕೆ ಇನ್ನೂ ಇವೆ. ಕಾಕಾನ ಮುಖ ನೋಡಿದೆ. ಅವರು ಲಾಳಿ ಬಿಡದೆ, "ಹಾಕ್ಸು, ಗಂಜಿ ಹದಾ ಈಗ ಕೈಗೆ ಕುಂತೈತಿ" ಅಂದರು. ಐದು ಸಾವಿರ ಮುಂಗಡ ಕಳಿಸಿದೆ.